ಕುರುತ್ ಕಳ್ಳಿ

ಜುಲೈ ೧೪

ಮೊಸರು ಹಿಂಡಿ, ಉಂಡೆ ಕಟ್ಟಿ, ಡೇರೆಯ ಮುಂದೆ ಒಣಹಾಕಿದ ಕುರುತ್ ವಾರದಿಂದ ಕಡಿಮೆಯಾಗುತ್ತಿತ್ತು. ಅತ್ತೆಯ ಕಣ್ಣು ನನ್ನ ಮೇಲೆಯೇ. "ಏನೇ ಬುರುಲ್, ನಿಮ್ಮಮ್ಮ ಊಟಾನೇ ಹಾಕ್ತಿರ್ಲಿಲ್ವಾ?" ಎಂದು ಬೆಳಿಗ್ಗೆಯೂ ಚುಚ್ಚಿದಳು. ಹೊಸ ಸೊಸೆ ಎದುರಾಡುವಂತಿಲ್ಲ, ಉಳಿದ ಉಂಡೆಗಳನ್ನು ಚಾಪೆಯ ಮೇಲೆ ಹರಡಿದೆ.

ಮಧ್ಯಾಹ್ನ ಹಿಮನದಿಯ ಕಡೆಯಿಂದ ಗಾಳಿ ಎದ್ದಿತು. ಬಂಡೆಗೋಡೆಯ ಮೇಲೆ ಕಾಡುಮೇಕೆಗಳು ಕಲ್ಲುರುಳಿಸುತ್ತಾ ಓಡಿದವು. ಗಾಬರಿಯಾದ ಹಳದಿ ಕೊಕ್ಕಿನ ಬೆಟ್ಟಗಾಗೆಗಳ ಹಿಂಡು ಕೆಳಗೆ ಬಂದು ನೇರ ನಮ್ಮ ಚಾಪೆಗೇ ಎರಗಿ, ಒಂದೊಂದು ಉಂಡೆ ಕಚ್ಚಿಕೊಂಡು ಹಾರಿತು. ಒಂದರ ಕೊಕ್ಕಿನಿಂದ ಜಾರಿದ್ದು ಅತ್ತೆಯ ತಲೆಯ ಮೇಲೆ ಟಪ್ಪೆಂದು ಬಿತ್ತು. ನಗು ತಡೆಯಲಾರದೆ ಕುದುರೆಯ ಹಿಂದೆ ಅಡಗಿದೆ.

ತಪ್ಪಾಯಿತು ಎನ್ನುವ ಹೆಂಗಸಲ್ಲ ಅವಳು. ಆ ಉಂಡೆಯನ್ನೇ ತೋಳಿಗೆ ಒರೆಸಿ ನನ್ನ ಕೈಗಿಟ್ಟಳು. "ತಗೊಳ್ಳೇ, ಕಳ್ಳಿ ಅನ್ನಿಸ್ಕೊಂಡಿದ್ದಕ್ಕಾದ್ರೂ ಒಂದು ತಿನ್ನು."

ಇನ್ನೂ ಬಾಯಲ್ಲಿದೆ. ಕಲ್ಲಿನಂತೆ ಗಟ್ಟಿ, ಉಪ್ಪುಪ್ಪು. ನಿದ್ದೆ ಬರುವಷ್ಟರಲ್ಲಿ ಕರಗಿದರೆ ಸಾಕು.