ದಾವಲ್ ಬೀ ದನಿಯ ಮೇಲೆ ನನ್ನ ಭಾಷಣ

ಲೇ ದಸ್ತಗೀರ,

ಶರಣು ಅಂತ ಬರೆಯಲೂ ಸಲಾಂ ಅಂತ ಬರೆಯಲೂ ಇವತ್ತು ನನಗೆ ಮುಖ ಇಲ್ಲ. ನಲವತ್ತು ವರ್ಷ ಮೈಕಿನ ಮುಂದೆ ನಿಂತು ಒದರಿದವನು ನಾನು. ನಿನ್ನ ಕಿವಿ ಹೋಗಿ ಹನ್ನೆರಡು ವರ್ಷವಾಯಿತು, ನಿನ್ನ ಮುಂದೆ ನನ್ನ ಒದರಾಟ ನಡೆಯುವುದಿಲ್ಲ. ನಿನ್ನ ಪಾಟಿಯ ಮೇಲೆ ಬಳಪದಿಂದ ಬರೆಯೋಣವೆಂದರೆ ಇದು ಪಾಟಿಯಲ್ಲಿ ಹಿಡಿಯುವ ಮಾತಲ್ಲ. ಓದಿ ಒರೆಸಿಬಿಡುವ ಮಾತೂ ಅಲ್ಲ. ಅದಕ್ಕೇ ಈ ಕಾಗದ.

ನಿನ್ನೆ ಸಂಜೆ ರಾಯಚೂರಿನಲ್ಲಿ ನಿನ್ನ ಹೆಸರಿನ ಕಾರ್ಯಕ್ರಮದಲ್ಲಿ ಇಬ್ಬರೂ ಮೊದಲ ಸಾಲಿನಲ್ಲಿ ಮಗ್ಗುಲಿಗೆ ಮಗ್ಗುಲು ಕೂತಿದ್ದೆವಲ್ಲ, ಆಗ ನೀನು ನನ್ನ ಕಡೆ ತಿರುಗಿ ಒಂದು ಮಾತು ಕೇಳಿದೆ. ನಾನು ಹೌದೆಂದು ತಲೆಯಾಡಿಸಿದೆ. ಅದು ಸುಳ್ಳು. ನೀನು ಎರಡು ಸಲ ಕೇಳಿದೆ, ನಾನು ಎರಡು ಸಲ ಸುಳ್ಳು ತಲೆಯಾಡಿಸಿದೆ.

ನಿನಗೆ ಕಂಡಿದ್ದು ಬೇರೆ, ಅಲ್ಲಿ ಕೇಳಿಸಿದ್ದು ಬೇರೆ. ಗೋಡೆಯಷ್ಟು ದೊಡ್ಡ ಪರದೆ ನೋಡಿದೆ, ಅದರಲ್ಲಿ ಮಾನ್ವಿಯ ನಿನ್ನ ರೇಡಿಯೊ ರಿಪೇರಿ ಅಂಗಡಿ ನೋಡಿದೆ, ಕೊರಳಿಗೆ ವೈರು ಸುತ್ತಿಕೊಂಡು ಬೀಡಿ ಕಚ್ಚಿದ್ದ ಇಪ್ಪತ್ತೆಂಟರ ದಸ್ತಗೀರನನ್ನು ನೋಡಿ ನೀನೇ ನಕ್ಕೆ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ಸ್ವಪ್ನಾ, ಎರಡು ವರ್ಷ ನಿನ್ನ ಸಾಮಾನು ಹುಡುಕಿ ಈ ಕಾರ್ಯಕ್ರಮ ಕಟ್ಟಿದಾಕೆ, ಮೈಕಿನಲ್ಲಿ ಹೇಳಿದ್ದು ಇದು: "ಎಲೆಕ್ಟ್ರಾನಿಕ್ ಸಂಗೀತ ಅಂದ್ರ ಏನಂತ ಈ ಕಡೆ ಯಾರಿಗೂ ಗೊತ್ತಿಲ್ಲದಾಗ, ಒಂದು ಬಿಸ್ಕೀಟ್ ಡಬ್ಬಿ, ಎರಡು ಮೊಳಿ, ಒಂದು ಪುಟ್ಟಿ ಹಸಿ ಭತ್ತ ಇಟ್ಕೊಂಡು ಈ ಮನಷ್ಯಾ ಸಂಗೀತ ಕಟ್ಟಿದ್ರು." ಚಪ್ಪಾಳೆ ಬಿತ್ತು. ಆಕೆಯ ತಲೆಯ ಮೇಲಿನ ಬ್ಯಾನರಿನಲ್ಲಿ ಪ್ರಾಯೋಜಕರ ಹೆಸರಿತ್ತು. ಓದಿದೆಯಲ್ಲ? ನಿನ್ನ ತಾಯಿ ದಾವಲ್ ಬೀ ಇಪ್ಪತ್ತು ವರ್ಷ ಬಿಸಿಲಲ್ಲಿ ಸವೆದ ಅದೇ ಅಕ್ಕಿ ಮಿಲ್ಲು. ಆಕೆಯ ಅಂಗಾಲಿನ ಸೀಳಿಗೆ ಒಂದು ಡಬ್ಬಿ ವ್ಯಾಸಲಿನ್ ಕೊಡದವರು ಆಕೆಯ ಮಗನಿಗೆ ಶಾಲು ಹೊದಿಸಿದರು. ನಾನು ಹಲ್ಲು ಕಡಿದೆ. ಕಡಿಯುವ ಹಕ್ಕು ನನಗಿತ್ತೇ? ಮುಂದೆ ಓದು.

ಆ ದಿನ ನೀನು ಮರೆತಿರಲಾರೆ. ಕುದಿಸಿದ ಭತ್ತವನ್ನು ಮಿಲ್ಲಿನ ಕಣದಲ್ಲಿ ಹರವಿದ್ದರು. ದಾವಲ್ ಬೀ ಸೀರೆ ಎತ್ತಿ ಕಟ್ಟಿ, ಭತ್ತದೊಳಗೆ ಪಾದ ಎಳೆಯುತ್ತ, ಗೆರೆ ಗೆರೆ ತಿರುವಿಹಾಕುತ್ತ ಬೆಳಗಿನಿಂದ ನಡೆದಿದ್ದಳು. ನೀನು ಭತ್ತದಲ್ಲಿ ಎರಡು ಮೊಳೆ ಹೂತೆ. ವೈರು ರೇಡಿಯೊ ಸಾಮಾನು ತುಂಬಿದ ಬಿಸ್ಕೀಟ್ ಡಬ್ಬಿಗೆ, ಡಬ್ಬಿ ಸ್ಪೀಕರಿಗೆ; ಭತ್ತದ ತೇವದಲ್ಲಿ ಹರಿಯುವ ಕರೆಂಟೇ ದನಿಯಾಗುತ್ತಿತ್ತು. ಭತ್ತ ಹಸಿಯಿದ್ದಾಗ ಸಿಳ್ಳೆಯಷ್ಟು ಎತ್ತರದ ದನಿ. ಒಣಗಿದ ಹಾಗೆ ಇಳಿದು, ಇಳಿದು, ಕೊನೆಗೆ ಕಪ್ಪೆ ವಟಗುಟ್ಟಿದಂತಾಗಿ ನಿಲ್ಲುತ್ತಿತ್ತು. ಹಮಾಲರು ಸುತ್ತ ನಿಂತು "ಹುಚ್ಚ ದಸ್ತಗೀರ ಭತ್ತಕ್ಕ ಗಾಯನ ಕಲಿಸಾಕತ್ತಾನ ನೋಡ್ರಿ" ಅಂತ ಕೇಕೆ ಹಾಕಿದರು. ಆಕೆ ನಿಲ್ಲದೇ ನಡೆಯುತ್ತಲೇ ಅಂದಳು: "ನನ್ನ ಪಾದಕ್ಕ ಗೊತ್ತಾಗಿದ್ದು ನಿನ್ನ ಡಬ್ಬಿಗೆ ಈಗ ಗೊತ್ತಾತೇನೋ, ಶಾಣ್ಯಾ?" ನಾನಿದ್ದೆ, ನಮ್ಮ ಕೂಲಿಕಾರರ ಸಂಘದ ಪರವಾಗಿ ಹೆಣ್ಣುಮಕ್ಕಳ ಸಹಿ ತಗೊಳ್ಳಲು ಬಂದಿದ್ದೆ. ಆ ಒಂದು ಮಾತು ನನಗೆ ನೆನಪಿದೆ. ಅದೊಂದೇ.

ದಿನವಿಡೀ ನೀನು ಬಿಟ್ಟು ಬಿಟ್ಟು ರೆಕಾರ್ಡ್ ಮಾಡಿದೆ. ಆಕೆಯ ಹೆಜ್ಜೆ, ಆಕೆ ಕೋಳಿಗೆ ಬೈದದ್ದು, ತನ್ನಷ್ಟಕ್ಕೆ ಗುನುಗಿದ್ದು, ಅದರ ಕೆಳಗೆ ಇಳಿಯುತ್ತಾ ಹೋಗುವ ಭತ್ತದ ದನಿ. ಕ್ಯಾಸೆಟ್ಟಿನ ಒಂದು ಮಗ್ಗುಲು ಪೂರ್ತಿ; ಇನ್ನೊಂದರಲ್ಲಿ ಮೊದಲೇ ಸಂಘದ ಹಾಡುಗಳಿದ್ದವು. ಮೇಲೆ ನಿನ್ನ ಗುಂಡು ಅಕ್ಷರ: ಅಮ್ಮಾ, ಭತ್ತ. ಅಳಿಸಿ ಹೋಗದಿರಲೆಂದು ಕ್ಯಾಸೆಟ್ಟಿನ ಬೆನ್ನಿನ ಎರಡೂ ಚಿಕ್ಕ ಪ್ಲಾಸ್ಟಿಕ್ ತುಂಡು ಮುರಿದು ಸಂಘದ ಖೋಲಿಗೆ ತಂದೆ.

ನಾನು ಎರಡು ನಿಮಿಷ ಕೇಳಿ ಸ್ಟಾಪ್ ಒತ್ತಿದೆ. "ಇದೇನಲೇ, ಜೀರುಂಡಿ ಗಂಟಲಾಗ ಸಿಕ್ಕಂಗ? ಜನಕ್ಕ ಹಲಗಿ ಬೇಕು, ಹಾಡು ಬೇಕು. ಕೂಲಿ ಕೇಳೋರಿಗೆ ಈ ಗುಂಯ್ ಅನ್ನೋದು ಯಾಕ ಬೇಕು?" ಅಂದೆ. ಎಲ್ಲರೂ ನಕ್ಕರು. ನೀನು ಸಿಟ್ಟಾಗಲಿಲ್ಲ. "ಕೊನೀತನಕ ಕೇಳಲೇ ಕೊಟ್ರೇಶ. ಕೊನಿಗೆ ಭತ್ತ ಸುಮ್ಮನಾಗ್ತದ, ಆಗ ಅಮ್ಮಾ ಬಸ್ ರೇ, ಸೂಕ್ ಗಯಾ ಅಂತಾಳ. ಸಾಕಪ್ಪ, ಒಣಗಿತು ಅಂತ. ಡಬ್ಬಿಗಿಂತ ಮೊದಲು ಆಕಿಗೇ ಗೊತ್ತಾಗಿರ್ತದ!" ಅಂದೆ. ಆಮೇಲೆ ಕೇಳುತ್ತೇನೆ, ಇಟ್ಟು ಹೋಗು ಅಂದೆ ನಾನು.

ಮುಂದಿನ ವಾರ ದೇವದುರ್ಗದ ಸಭೆ. ಮಿಲ್ಲಿನ ಹೆಣ್ಣುಮಕ್ಕಳ ಕೂಲಿಯ ಸಲುವಾಗಿ. ಭಾಷಣವನ್ನು ಟೇಪಿಗೆ ಹಿಡಿದು ಹಳ್ಳಿಹಳ್ಳಿಗೆ ಕೇಳಿಸುವುದೆಂದು ಠರಾವಾಗಿತ್ತು. ಖಾಲಿ ಕ್ಯಾಸೆಟ್ ಇರಲಿಲ್ಲ. ನಿನ್ನದು ಟೇಪ್ ರೆಕಾರ್ಡರಿನಲ್ಲಿ, ನಾನು ನಿಲ್ಲಿಸಿದ ಜಾಗದಲ್ಲೇ ನಿಂತಿತ್ತು. ರೆಕಾರ್ಡ್ ಗುಂಡಿ ಒತ್ತಿದೆ, ಕೆಳಗಿಳಿಯಲಿಲ್ಲ. ಬೆನ್ನು ತಿರುಗಿಸಿ ನೋಡಿದೆ. ನೀನು ಮುರಿದ ಜಾಗ. ಯಾಕೆ ಮುರಿದಿದ್ದೀಯೆಂದು ನನಗೆ ಗೊತ್ತಿತ್ತು ದಸ್ತಗೀರ. ಗೊತ್ತಿಲ್ಲದೆ ಆಯಿತು ಅಂತ ಬರೆಯಲು ಪೆನ್ನು ಮೂರು ಸಲ ಎತ್ತಿದೆ, ಆಗಲಿಲ್ಲ. ಗೊತ್ತಿದ್ದೇ ಮಾಡಿದೆ. ನಮ್ಮದೇ ಕೆಂಪು ಕರಪತ್ರದ ಮೂಲೆ ಹರಿದು, ಮಡಚಿ, ಆ ತೂತಿಗೆ ತುರುಕಿದೆ. ಗುಂಡಿ ಇಳಿಯಿತು. ಟೇಪು ಮುಗಿದು ಖಟ್ಟೆಂದು ತಾನೇ ನಿಂತಿತು. ನಾನು ನಿಲ್ಲಲಿಲ್ಲ.

ಆ ಕ್ಯಾಸೆಟ್ಟು ನೀರಮಾನ್ವಿಗೆ ಹೋಯಿತು, ಚೀಕಲಪರ್ವಿಗೆ ಹೋಯಿತು. ಜನ ಕೂತು ಕೇಳಿದರು. ನಾಕಾಣೆ ಕೂಲಿಯೂ ಏರಲಿಲ್ಲ.

ದಾವಲ್ ಬೀ ತೀರಿಕೊಂಡ ನಲವತ್ತನೆಯ ದಿನ ನೀನು ಸಂಘಕ್ಕೆ ಬಂದೆ. "ಆ ಕ್ಯಾಸೆಟ್ ಕೊಡಲೇ. ಅಮ್ಮಾನ ದನಿ ಅದೊಂದರಾಗ ಅದ." ನಾನು ಅಂದೆ, "ಟ್ರಂಕಿನಾಗ ಅದ, ಹುಡುಕಿ ಕೊಡ್ತೀನಿ." ಒಂದು ವರ್ಷ ಹಾಗೆ ಅಂದೆ. ಹತ್ತು ವರ್ಷ ಅಂದೆ. ಬಸ್‌ಸ್ಟ್ಯಾಂಡಿನಲ್ಲಿ ನೀನು ಕಂಡರೆ ಬಸ್ಸಿನ ಹಿಂದಿನ ಬಾಗಿಲಿನಿಂದ ಇಳಿದು ಹೋಗುತ್ತಿದ್ದೆ. ಆಮೇಲೆ ನಿನಗೆ ಮಿದುಳು ಜ್ವರ ಬಂದು ಎರಡೂ ಕಿವಿ ಹೋದವೆಂದು ಸುದ್ದಿ ಬಂತು. ಆಗ ನನ್ನ ಎದೆಯಲ್ಲಿ ಆದದ್ದನ್ನು ಯಾರಿಗೂ ಹೇಳಿಲ್ಲ, ನಿನಗೇ ಹೇಳುತ್ತೇನೆ. ಹಗುರಾಯಿತು. ಇನ್ನು ಇವನು ಕೇಳಲಾರ, ಬಚಾವಾದೆ ಅಂದುಕೊಂಡೆ. ಶೋಷಕರು ಶೋಷಕರು ಅಂತ ಊರೂರು ಬೈದು ಬಂದವನ ಎದೆ ಅದು.

ಹೋದ ವರ್ಷ ಸಂಘದ ಹಳೇ ಟ್ರಂಕಿನಲ್ಲಿ ಸ್ವಪ್ನಾಗೆ ಅದು ಸಿಕ್ಕಿತು. ನಿನಗೆ ತೋರಿಸಿದಾಗ ಅದನ್ನು ಕಣ್ಣಿಗೆ ಒತ್ತಿಕೊಂಡೆಯಂತೆ, ಮುದ್ದಿಟ್ಟೆಯಂತೆ, "ಹಾಕ್ರಿ, ಎಲ್ಲಾರಿಗೂ ಕೇಳಸ್ರಿ" ಅಂದೆಯಂತೆ. ಆಮೇಲೆ ಆಕೆ ನನ್ನ ಹತ್ತಿರ ಬಂದಳು. "ಸರ್, ಎರಡು ನಿಮಿಷ ಆದಮ್ಯಾಲೆ ಯಾರದೋ ಭಾಷಣ ಬರ್ತದ. ಯಾರದು?" ಎಳೆಯ ಗಂಟಲಿನ ನನ್ನ ದನಿ ಆಕೆಗೆ ಗುರುತು ಸಿಕ್ಕಿರಲಿಲ್ಲ. "ಯಾರೋ ಸಂಘಟನಿಯವರು ಇರಬೇಕವ್ವಾ" ಅಂದೆ. ಆಕೆಯ ಕಣ್ಣು ಅರಳಿತು. "ಅಂದ್ರ ಬೇಕಂತಲೇ ಸೇರಿಸ್ಯಾರ! ಎಂಥಾ ತಲಿರೀ ಇವರದು!" ಅಂದಳು. ಹೌದವ್ವಾ ಅಂದೆ.

ಅದೇ ನಿನ್ನೆ ನಡೆದದ್ದು. ಪರದೆಯ ಮೇಲೆ ಆಳೆತ್ತರದ ಕ್ಯಾಸೆಟ್ಟು ಮೂಡಿತು, ಅದರ ತೂತಿನಲ್ಲಿ ಇನ್ನೂ ಆ ಕೆಂಪು ಕಾಗದ. ವೇದಿಕೆಯ ಮೇಲೆ ನಿನ್ನ ಡಬ್ಬಿ, ಪುಟ್ಟಿಯಲ್ಲಿ ಭತ್ತ. ಸಿಳ್ಳೆ ಎದ್ದಿತು. ಭತ್ತದೊಳಗೆ ಪಾದ ಎಳೆಯುವ ಸರ್ ಸರ್. ಒಂದು ಸಲ ದಾವಲ್ ಬೀ ಕೆಮ್ಮಿದಳು. ಅಷ್ಟೇ. ಖಟ್. ಆಮೇಲೆ ನಾನು: "ದುಡಿಯುವ ಹೆಣ್ಣುಮಕ್ಕಳ ದನಿ ಅಡಗಿಸಿದವರು ಯಾರು? ಹೇಳ್ರಿ, ಯಾರು?" ವೇದಿಕೆಯ ಮೇಲಿದ್ದ ಸ್ವಪ್ನಾಳ ಕಾಲೇಜಿನ ಹುಡುಗರು ಅದಕ್ಕೆ ತಾಳ ಕೊಟ್ಟರು, ಪ್ರತಿಧ್ವನಿ ಕೊಟ್ಟರು. ಯಾರು, ಯಾರು, ಯಾರು ಅಂತ ಸಭಾಂಗಣದ ನಾಲ್ಕೂ ಮೂಲೆಯಿಂದ ನನ್ನ ಗಂಟಲು ನನ್ನನ್ನೇ ಕೇಳಿತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಮಿಲ್ಲಿನವನೂ ಎದ್ದು ನಿಂತ.

ನೀನು ನಮ್ಮ ಸಾಲಿನ ಮುಂದಿಟ್ಟಿದ್ದ ಸ್ಪೀಕರಿನ ಮೇಲೆ ಅಂಗೈ ಊರಿ ಕೂತಿದ್ದೆ. ನನ್ನ ಭಾಷಣ ನಿನ್ನ ಅಂಗೈಗೆ ಗುದ್ದುತ್ತಿತ್ತು, ಅದನ್ನು ನೀನು ತಾಯಿಯ ಹೆಜ್ಜೆ ಅಂದುಕೊಂಡೆ. ತಿರುಗಿ ಕೇಳಿದೆ, "ಅಮ್ಮಾ ಮಾತಾಡಾಕತ್ತಾಳೇನಲೇ?" ನಾನು ತಲೆಯಾಡಿಸಿದೆ. ಜನ ಎದ್ದಾಗ ಮತ್ತೆ ಕೇಳಿದೆ, "ಸೂಕ್ ಗಯಾ ಅಂದಳಾ?" ತಲೆಯಾಡಿಸಿದೆ. ನಿನ್ನ ಬಿಳಿ ಗಡ್ಡದೊಳಗೆ ನೀರು ಇಳಿಯಿತು. ನನ್ನ ಕೈ ಹಿಡಿದುಕೊಂಡೆ. ಆ ಕೈಯನ್ನೇ ಹಿಡಿದುಕೊಂಡೆಯಲ್ಲೋ!

ಹೇಳದೇ ಬಿಡಬಹುದಿತ್ತು. ಆದರೆ ಶುಕ್ರವಾರ ಸ್ವಪ್ನಾ ಅದನ್ನು ಗಿಲ್ಲೆಸುಗೂರಿನ ನಿನ್ನ ಮಗಳು ಮೆಹನಾಜಳ ಫೋನಿಗೆ ಕಳಿಸುತ್ತಾಳೆ. ತಾನು ಹುಟ್ಟುವ ಮೊದಲೇ ಹೋದ ಅಜ್ಜಿಯ ದನಿ ಕೇಳಲು ಆಕೆ ಕಾಯುತ್ತಿದ್ದಾಳೆಂದು ನೀನೇ ಹೇಳಿದೆ. ಆಕೆಗೆ ಸಿಗುವುದು ಒಂದು ಕೆಮ್ಮು, ಆಮೇಲೆ ಮುಗಿಯುವವರೆಗೂ ನಾನು. ಆಕೆ ಪಾಟಿ ಹಿಡಿದು ನಿನ್ನ ಮುಂದೆ ಬಂದು ಕೂರುವ ಮೊದಲು ನಿನಗೆ ಗೊತ್ತಾಗಬೇಕು.

ಮಿಲ್ಲಿನವರು ಆಕೆಯ ಪಾದ ತಿಂದರು. ದನಿ ತಿಂದವನು ನಾನು. ಅವರ ಮೇಲೆ ಘೋಷಣೆ ಕೂಗಬಹುದು, ನನ್ನ ಮೇಲೆ ಯಾರು ಕೂಗಬೇಕು? ಆಕೆ ಏನು ಗುನುಗಿದಳೋ ನೆನಪಿನಿಂದಾದರೂ ಬರೆದು ಕೊಡೋಣವೆಂದು ಬೆಳಗಿನಿಂದ ಕೂತಿದ್ದೇನೆ. ಒಂದಕ್ಷರ ಇಲ್ಲ. ನಾನು ಕೇಳಿಯೇ ಇರಲಿಲ್ಲ. ಆ ಟೇಪು ಈಗ ಇರುವುದು ನಿನ್ನ ತಲೆಯೊಳಗೆ ಮಾತ್ರ, ನಿನ್ನೊಂದಿಗೇ ಮಣ್ಣಾಗುತ್ತದೆ. ಇದಕ್ಕೆ ತಿದ್ದುಪಡಿ ಇಲ್ಲ. ಕ್ಷಮೆ ಕೇಳಲು ಬರೆದದ್ದಲ್ಲ, ಕೊಡಬೇಡ.

ಇದನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಮೊದಲ ಬಸ್ಸಿಗೆ ಮಾನ್ವಿಗೆ ಬಂದು ನಿನ್ನ ಕೈಗೇ ಕೊಟ್ಟು, ಓದಿ ಮುಗಿಸುವವರೆಗೆ ಎದುರಿಗೆ ನಿಂತಿರುತ್ತೇನೆ. ಆಮೇಲೆ ಬೈ. ನಿನ್ನ ಬೈಗುಳ ನಿನಗೆ ಕೇಳಿಸದು, ನನಗೆ ಕೇಳಿಸುತ್ತದೆ. ಸ್ಟಾಪ್ ಒತ್ತುವುದಿಲ್ಲ ದಸ್ತಗೀರ. ಈ ಸಲ ಕೊನೀತನಕ ಕೇಳುತ್ತೇನೆ.

ನಿನ್ನ ತಲೆಯೊಳಗಾದರೂ ಅಮ್ಮಾ ಭತ್ತ ಒಣಗುವವರೆಗೂ ನಡೆಯುತ್ತಿರಲಿ.

ನಿನ್ನ ಟೇಪು ಅಳಿಸಿದವ,
ಕೊಟ್ರೇಶ