ಧೈರ್ಯದ ಲೋಟ

ನೆಲ್ಯಾಡಿ
ಗುರುವಾರ

ಪ್ರೀತಿಯ ನಶೀದಾ ಟೀಚರ್,

ಮುಂದಿನ ಶುಕ್ರವಾರದ ಕ್ರೀಡಾಕೂಟವನ್ನು ಅದರ ನಂತರದ ಮಂಗಳವಾರಕ್ಕೆ ಹಾಕಬಹುದಾ? ನನಗೆ ಥಲಸೇಮಿಯಾ ಇರುವುದು ನಿಮಗೆ ಗೊತ್ತು. ಮೂರು ವಾರಕ್ಕೊಮ್ಮೆ ಪುತ್ತೂರಿಗೆ ಹೋಗಿ ರಕ್ತ ಹಾಕಿಸಿಕೊಳ್ಳುತ್ತೇನೆ. ಹಾಕಿಸಿದ ವಾರ, ಹೊರಟ ಬಸ್ಸನ್ನೂ ಓಡಿ ಹತ್ತುತ್ತೇನೆ, ಅಮ್ಮ ಬೈಯುತ್ತಾರೆ. ಮೂರನೇ ವಾರ ಬಸ್ಸಿನ ಮೆಟ್ಟಿಲೇ ಗುಡ್ಡದ ಹಾಗೆ ಕಾಣುತ್ತದೆ. ಈ ಸಲ ರಕ್ತ ಹಾಕುವುದು ಶನಿವಾರ, ಅಂದರೆ ನಿಮ್ಮ ಓಟದ ಮರುದಿನ.

ಕಳೆದ ತಿಂಗಳು ನಮ್ಮ ಕ್ಲಾಸಿನ ಮಿನು, "ಹೋದ ವಾರ ಅಷ್ಟು ಓಡಿದ್ದಿ, ಈಗ ಕೂತಲ್ಲಿಂದ ಏಳುದಿಲ್ಲ. ಎಂತ ನಾಟಕ ನಿಂದು?" ಎಂದಳು. "ನಿಮ್ಮ ರಬ್ಬರ್ ಮರಕ್ಕೆ ದಿನ ಬಿಟ್ಟು ದಿನ ರಜೆ ಉಂಟಲ್ಲ, ಅದು ಮರದ ನಾಟಕವಾ?" ಎಂದು ಕೇಳಿದೆ. ಅವಳ ಅಪ್ಪನೇ ಮರ ಕೆತ್ತಿ ಹಾಲು ತೆಗೆಯುವ ಟ್ಯಾಪಿಂಗ್ ಮಾಡುವವರು. ಅಂದಿನಿಂದ ನನಗೆ ಸುಸ್ತಾದ ದಿನ ನನ್ನ ಚೀಲ ಅವಳೇ ಹೊರುತ್ತಾಳೆ.

ಕಳೆದ ವರ್ಷವೂ ಕ್ರೀಡಾಕೂಟ ಮೂರನೇ ವಾರದಲ್ಲೇ ಬಂದಿತ್ತು. ನೂರು ಮೀಟರ್ ಓಟದಲ್ಲಿ ನಾನು ಎಲ್ಲರಿಗಿಂತ ಕೊನೆಗೆ ನಡೆದುಕೊಂಡು ಬಂದೆ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಧೈರ್ಯಕ್ಕೆಂದು ನೀವು ಸ್ಟೀಲ್ ಲೋಟ ಕೊಟ್ಟಿರಿ. ಅಮ್ಮ ಅದನ್ನು ಶೋಕೇಸಿನಲ್ಲಿಟ್ಟಿದ್ದರು. ಅವರಿಗೆ ಹೇಳದೆ ತಂದು ಈ ಪತ್ರದ ಜೊತೆ ಇಟ್ಟಿದ್ದೇನೆ.

ಮಂಗಳವಾರ ಓಟ ಇಟ್ಟು, ಕೊನೆಗೆ ಬಂದವರಿಗೆ ಇದನ್ನು ಕೊಡಿ. ನಾನೇ ಕೊನೆಗೆ ಬಂದರೆ ಚಪ್ಪಾಳೆ ಬೇಡ, ಲೋಟ ಮಾತ್ರ ಕೊಡಿ. ಅಮ್ಮ ಹುಡುಕುತ್ತಿದ್ದಾರೆ.

ನಿಮ್ಮ ಓಟಗಾರ್ತಿ,
ಅನ್ಸು ಮಾಥ್ಯೂ
ಏಳನೇ ತರಗತಿ