ಆಪಾಳ ಪಡಸಾಲೆಯಲ್ಲಿ ಮತ್ತೆ ಕ್ರೋಶಾ

ನನ್ನ ನೂರ್‌ಜಾನ್ ಆಪಾ,

ನಿನ್ನ ಹೊಸ್ತಿಲ ಮೇಲಿನ ರಕ್ತ ತೊಳೆದವಳು ನಾನೇ. ಬಕೆಟ್ಟುಗಟ್ಟಲೆ ನೀರು ಸುರಿದು ಕಡ್ಡಿ ಪೊರಕೆಯಿಂದ ತಿಕ್ಕಿದೆ. ಎಷ್ಟು ತಿಕ್ಕಿದರೂ ಕಲ್ಲಿನ ಸಂದಿಯಲ್ಲಿ ಅದು ಕಪ್ಪಗೆ ಕೂತುಬಿಟ್ಟಿತ್ತು. ಆವತ್ತಿನಿಂದ ನಿನಗೆ ಹೇಳಬೇಕಾದದ್ದು ಎಷ್ಟೊಂದು ಉಳಿದಿದೆ! ಹೊಟ್ಟೆಯಲ್ಲಿದ್ದದ್ದನ್ನೆಲ್ಲ ನಾನು ಹೇಳಿಕೊಳ್ಳುತ್ತಿದ್ದದ್ದು ನಿನ್ನೊಬ್ಬಳ ಹತ್ತಿರ. ಈಗ ಯಾರಿಗೆ ಹೇಳಲಿ? ಕೋರ್ಟಿನ ತೀರ್ಪು ಬಂದಿದೆ ಆಪಾ. ಅದಾದ ಮೇಲೆ ಇನ್ನೊಂದು ನಡೆದಿದೆ. ಅದನ್ನು ಹೇಳದೆ ನನಗೆ ನಿದ್ದೆ ಹತ್ತುತ್ತಿಲ್ಲ.

ನಿನ್ನ ಪಡಸಾಲೆಗೆ ನಾನು ಮೊದಲ ಸಲ ಬಂದದ್ದು ನೆನಪಿದೆಯಾ? ವಾರವೆಲ್ಲ ಜೀನ್ಸ್ ಹೊಲಿಯುವ ಮಷಿನ್ನಿನ ಮುಂದೆ ಕೂತು ಸೊಂಟ ಹಿಡಿದುಹೋಗಿತ್ತು. ನನ್ನ ಜೊತೆ ಕೆಲಸ ಮಾಡುವ ರತ್ನಾ "ಭಾನುವಾರ ಬಾರಲೇ, ನೂರ್‌ಜಾನ್ ಆಪಾ ಕ್ರೋಶಾ ಕಲಿಸ್ತಾರ" ಅಂದಾಗ ನಗು ಬಂದಿತ್ತು. ವಾರವೆಲ್ಲ ದಾರ, ರಜೆಯ ದಿನವೂ ದಾರವೇ? ನೀನು ಕೊಕ್ಕೆ ಮೂತಿಯ ಕಡ್ಡಿಯೊಂದನ್ನು ನನ್ನ ಕೈಗಿಟ್ಟು ಬೆರಳಿಗೆ ಬಿಳಿ ದಾರ ಸುತ್ತಿದೆ. ನಾನು ಮಷಿನ್ನಿನ ಅಭ್ಯಾಸದಂತೆ ಬಿಗಿಯಾಗಿ ಎಳೆದೆ.

"ಲೇ ಶಾಂತಾ, ಅದರ ಕುತ್ತಿಗಿ ಯಾಕ ಹಿಚುಕ್ತಿ? ಸಡ್ಲ ಬಿಡು. ಇಲ್ಲಿ ಯಾವ ಮೇಸ್ತ್ರಿನೂ ನಿನ್ನ ತಲಿಮ್ಯಾಲ ನಿಂತಿಲ್ಲ" ಅಂದೆ ನೀನು.

ಸಂಜೆಯವರೆಗೆ ಒದ್ದಾಡಿ ನಾನು ಹಾಕಿದ ಕುಣಿಕೆಗಳ ಮೊದಲ ಚೈನು ಆಡಿನ ಕರುಳಿನಂತೆ ಸುರುಳಿಗಟ್ಟಿತ್ತು. ರತ್ನಾ ಅದನ್ನು ಕಿವಿಗೆ ನೇತುಹಾಕಿಕೊಂಡು ಪಡಸಾಲೆ ತುಂಬ ಕುಣಿದಳು. ನಮ್ಮೂರು ಕರೂರಿನಲ್ಲಿ ಗೆಳತಿಯರ ಜೊತೆ ಭತ್ತದ ನಾಟಿ ಮಾಡುತ್ತಿದ್ದಾಗ ನಕ್ಕಿದ್ದೆ, ಆಮೇಲೆ ನಾನು ಹಾಗೆ ನಕ್ಕದ್ದು ಅವತ್ತೇ.

ಗಿರಿಜಾ ಬಂದ ಮೇಲೆ ನಮ್ಮ ಗುಂಪಿಗೆ ಕಳೆ ಬಂತು, ಅಲ್ಲವಾ? ಕುರುಗೋಡಿನ ಹುಡುಗಿ. ಲೋಡಿಂಗ್ ಆಟೋ ಓಡಿಸುವ ಸಿರುಗುಪ್ಪದ ಈರಣ್ಣನನ್ನು ಮದುವೆಯಾಗಿ ಬಳ್ಳಾರಿಗೆ ಬಂದವಳು. ನಾವು ಒಂದು ಸಾಲು ಮುಗಿಸುವಷ್ಟರಲ್ಲಿ ಆಕೆ ಒಂದು ಹೂವನ್ನೇ ಮುಗಿಸುತ್ತಿದ್ದಳು. ಎಲ್ಲರೂ ಹೂವು ಹೆಣೆದು, ಜೋಡಿಸಿ, ಒಂದು ದೊಡ್ಡ ಹೊದಿಕೆ ಮಾಡೋಣ ಎಂದವಳು ಅವಳೇ. ಮಾರಿದರೆ ಒಳ್ಳೆಯ ಬೆಲೆ ಬರುತ್ತದೆ ಎಂದು ರತ್ನಾ ಅಂದದ್ದಕ್ಕೆ ನೀನು ಸಿಡುಕಿದ್ದೆ: "ಮಾರಾಕ ಶುರು ಮಾಡಿದ್ರ ಇದೂ ಜೀನ್ಸ್ ಆಗತೈತಿ. ಇದು ನಮ್ಮ ಖುಷಿಗೆ." ಗಿರಿಜಾಳ ತೋಳಿನ ಕಲೆಗಳನ್ನು ನೀನು ನೋಡುತ್ತಿದ್ದೆ. ನಾನೂ ನೋಡುತ್ತಿದ್ದೆ. ಬಾಗಿಲು ಬಡಿಯಿತು ಅನ್ನುತ್ತಿದ್ದಳು. ಎಷ್ಟು ಬಾಗಿಲುಗಳಿದ್ದವು ಆ ಮನೆಗೆ?

ಅವತ್ತು ಅವಳು ಬಲಗೈಗೆ ಒದ್ದೆ ಸೆರಗು ಸುತ್ತಿಕೊಂಡು ನಿನ್ನ ಅಂಗಳಕ್ಕೆ ಓಡಿ ಬಂದು ಬಿದ್ದಳು. ಸೆರಗು ಬಿಚ್ಚಿದರೆ ಬೆರಳುಗಳು ಒಂದೊಂದು ದಿಕ್ಕಿಗೆ ತಿರುಗಿದ್ದವು. ಈರಣ್ಣ ಆ ಕೈಯನ್ನು ನೆಲಕ್ಕೆ ಒತ್ತಿ ಹಿಡಿದು ರುಬ್ಬುವ ಗುಂಡಿನಿಂದ ಜಜ್ಜಿದ್ದನಂತೆ. "ಹೆಣ್ಮಕ್ಕಳ ಜೋಡಿ ಕುಂತು ಹಲ್ಲು ಕಿಸಿಯಾಕ ಹೋಗ್ತೀಯಲ್ಲ, ಇನ್ನ ಹೆಂಗ ಹೆಣಿತಿ ನೋಡ್ತೀನಿ" ಅಂದನಂತೆ. ನೀನು ಅಳಲಿಲ್ಲ. ಬುರ್ಖಾ ಹಾಕಿಕೊಂಡು ಅವಳನ್ನು ಆಸ್ಪತ್ರೆಗೆ ಕರೆದೊಯ್ದು, ಕೈಗೆ ಪಟ್ಟಿ ಹಾಕಿಸಿ, ಸೀದಾ ನಿನ್ನ ಮನೆಯಲ್ಲೇ ಇಟ್ಟುಕೊಂಡೆ. ನಿನ್ನ ಯಜಮಾನರು ರಹೀಮ್ ಭಾಯಿ ಒಂದು ಮಾತೂ ಕೇಳದೆ ತಮ್ಮ ಅಂಗಡಿಯಿಂದ ಹೊಸ ಹಾಸಿಗೆ ತಂದು ಅವಳಿಗೆ ಹಾಸಿದರು.

ಆ ಭಾನುವಾರದ ಮಧ್ಯಾಹ್ನ, ನಾವು ಹೊದಿಕೆಯನ್ನು ನೆಲಕ್ಕೆ ಹರಡಿ ಅಂಚು ಹಾಕುತ್ತಿದ್ದೆವು. ಗಿರಿಜಾ ಗೋಡೆಗೆ ಒರಗಿಕೊಂಡು ಯಾವ ಹೂವು ಎಲ್ಲಿ ಬರಬೇಕೆಂದು ಕಣ್ಣಿನಲ್ಲೇ ತೋರಿಸುತ್ತಿದ್ದಳು. ಹೊರಗೆ ಆಟೋ ನಿಂತ ಸದ್ದಾಯಿತು. ನೀನೇ ಎದ್ದು ಹೋದೆ.

"ನನ್ನ ಹೇಣ್ತಿನ್ನ ಹೊರಗ ಕಳಸು."

"ಆಕಿಗೆ ಮನಸಾದ್ರ ಬರ್ತಾಳ. ನಿನಗ ಒಳಗ ದಾರಿ ಇಲ್ಲ ಈರಣ್ಣಾ."

"ಸರೀತಿಯೋ ಇಲ್ಲೋ?"

"ಸರಿಯಾಂಗಿಲ್ಲ."

ಮಚ್ಚು ಎಲ್ಲಿತ್ತೋ ನನಗೆ ಕಾಣಲಿಲ್ಲ. ಹಸಿ ಕಟ್ಟಿಗೆ ಕಡಿದಂಥ ಸದ್ದು ಮಾತ್ರ ಕೇಳಿಸಿತು. ನೀನು ಎರಡೂ ಕೈಗಳಿಂದ ಬಾಗಿಲ ಚೌಕಟ್ಟು ಹಿಡಿದು ಹಾಗೇ ನಿಂತಿದ್ದೆ. ಕುತ್ತಿಗೆಯ ಬುಡದಿಂದ ರಕ್ತ ಚಿಮ್ಮುತ್ತಿದ್ದರೂ ಬಿಡಲಿಲ್ಲ. ಅವನು ಮತ್ತೊಮ್ಮೆ ಬೀಸಿದ. ನೀನು ಕುಸಿದೆ, ಅವನು ನಿನ್ನನ್ನು ದಾಟಿ ಒಳಗೆ ಬಂದ. ರತ್ನಾ ಕುದಿಯುತ್ತಿದ್ದ ಚಹಾದ ಪಾತ್ರೆಯನ್ನು ಅವನ ಮುಖಕ್ಕೆ ಎಸೆದಳು. ನಾನು ಮರದ ಸ್ಟೂಲು ಎತ್ತಿದೆ. ಮೊದಲ ಏಟಿಗೇ ಮಚ್ಚು ಅವನ ಕೈಯಿಂದ ಜಾರಿತು. ಅವನು ಬಿದ್ದ. ಬಿದ್ದವನನ್ನೂ ನಾನು ಬಿಡಲಿಲ್ಲ ಆಪಾ. ಸ್ಟೂಲಿನ ಕಾಲು ಮುರಿಯಿತು, ಮುರಿದ ಕಾಲಿನಿಂದಲೇ ಹೊಡೆದೆ. ಅಕ್ಕಪಕ್ಕದವರು ಬಂದು ನನ್ನ ಸೊಂಟ ಹಿಡಿದು ಎಳೆಯದಿದ್ದರೆ...

ನಿನ್ನ ಗಾಯಕ್ಕೆ ಒತ್ತಲು ಕೈಗೆ ಸಿಕ್ಕದ್ದು ಆ ಹೊದಿಕೆ. ಮಡಚಿ ಮಡಚಿ ಒತ್ತಿದೆ. ಕ್ರೋಶಾ ಅಂದರೆ ತೂತುಗಳೇ ಅಲ್ಲವಾ? ಒಂದೊಂದು ಹೂವಿನ ನಡುವಿನಿಂದಲೂ ರಕ್ತ ಉಕ್ಕಿ ಬರುತ್ತಿತ್ತು. ನೀನು ಏನೋ ಹೇಳಲು ತುಟಿ ಅಲ್ಲಾಡಿಸಿದೆ. ಏನದು? ಇವತ್ತಿಗೂ ಯೋಚಿಸುತ್ತೇನೆ. ಆಸ್ಪತ್ರೆಯ ಗೇಟು ತಲುಪುವ ಮೊದಲೇ ನಿನ್ನ ಕೈ ನನ್ನ ಕೈಯೊಳಗೆ ತಣ್ಣಗಾಯಿತು.

ನೀನು ಹೋದ ಮೇಲೆ ಕಡ್ಡಿ, ದಾರವನ್ನೆಲ್ಲ ಗಂಟು ಕಟ್ಟಿ ಅಟ್ಟಕ್ಕೆ ಎಸೆದಿದ್ದೆ. ಒಂದು ದಿನ ಗಿರಿಜಾ ನಮ್ಮ ಮನೆಗೆ ಬಂದಳು. ಬಲಗೈ ಸೊಟ್ಟಗೆ ಕೂಡಿಕೊಂಡಿತ್ತು, ಬೆರಳು ಮಡಚಲು ಬರುತ್ತಿರಲಿಲ್ಲ. "ಎಡಗೈಲೆ ಕಲಿಸು ಅಕ್ಕ" ಅಂದಳು. ನನಗೆ ಬರುವುದಿಲ್ಲ ಎಂದು ಬೈದು ಅಟ್ಟಲು ನೋಡಿದೆ. ಅವಳು ಕದಲಲಿಲ್ಲ. ಕೊನೆಗೆ ಎದುರುಬದುರು ಕೂತೆವು. ನನ್ನ ಬಲಗೈ ಮಾಡಿದ್ದನ್ನು ಅವಳ ಎಡಗೈ ಕನ್ನಡಿಯಲ್ಲಿ ನೋಡಿದಂತೆ ಮಾಡತೊಡಗಿತು. ದಾರ ಜಾರಿದಾಗಲೆಲ್ಲ ಅವಳು ಹಲ್ಲು ಕಚ್ಚಿ ಗಂಡನನ್ನು ಕೆಟ್ಟ ಕೆಟ್ಟ ಮಾತಿನಲ್ಲಿ ಬೈಯುತ್ತಿದ್ದಳು. ನಾನೂ ಬೈಯುತ್ತಿದ್ದೆ. ಬೈಯುತ್ತ ಬೈಯುತ್ತಲೇ ಒಂದು ಸಾಲು ಮುಗಿಯಿತು. ಅದನ್ನು ಕೇಳಿ ರಹೀಮ್ ಭಾಯಿ ಬಂದು, "ಹಳೇ ಜಾಗದಾಗ ಕುಂಡ್ರಾಕ ಬರ್ರಿ. ನೀವು ಬರದಿದ್ರ ಆ ಮನಿಯಾಗ ಇರಾಕ ನನ್ನ ಕೈಲಿ ಆಗಲ್ಲ" ಅಂದರು. ಮತ್ತೆ ನಿನ್ನ ಪಡಸಾಲೆಯಲ್ಲಿ ಸೇರಿದೆವು.

ಅಮ್ಮನನ್ನು ನೋಡಲು ಕರೂರಿಗೆ ಹೊರಟಾಗ ಸಿರುಗುಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಈರಣ್ಣನ ಚಿಕ್ಕಪ್ಪನ ಮಗ ನನ್ನ ತೋಳು ತಿರುಚಿದ. "ಕೋರ್ಟಿನಾಗ ಬಾಯಿ ಬಿಟ್ರ ಕಾಲುವಿಗೆ ಒಗಿತೀನಿ" ಅಂದ. ಚೀಲದಲ್ಲಿ ಕೈ ಹಾಕಿದರೆ ಸಿಕ್ಕದ್ದು ಸಣ್ಣ ಸ್ಟೀಲಿನ ಕ್ರೋಶಾ ಕಡ್ಡಿ. ಅವನ ಮುಂಗೈಗೆ ಚುಚ್ಚಿ ಎಳೆದೆ. ಅವನ ಕೂಗಿಗೆ ಇಡೀ ಬಸ್‌ಸ್ಟ್ಯಾಂಡ್ ತಿರುಗಿ ನೋಡಿತು. ಕಂಡಕ್ಟರ್ ನನ್ನನ್ನು ಬಸ್ಸಿನೊಳಗೆ ಎಳೆದುಕೊಂಡು ಬಾಗಿಲು ಹಾಕಿಬಿಟ್ಟ.

ಕೋರ್ಟಿನಲ್ಲಿ ಈರಣ್ಣನ ವಕೀಲರು ಹೂಡಿದ ಕತೆ ಕೇಳಿದ್ದರೆ ನೀನು ಚಪ್ಪಲಿ ತೆಗೆಯುತ್ತಿದ್ದೆ. ಈರಣ್ಣ ಬರಿಗೈಯಲ್ಲಿ ಹೆಂಡತಿಯನ್ನು ಕರೆಯಲು ಬಂದನಂತೆ. ನಾವು ಹೆಂಗಸರು ಮೇಲೆ ಬಿದ್ದೆವಂತೆ. ಮಚ್ಚು ನಿನ್ನ ಅಡಿಗೆಮನೆಯದಂತೆ, ಜೀವ ಉಳಿಸಿಕೊಳ್ಳಲು ಅವನು ಅದನ್ನು ಕಸಿದುಕೊಂಡನಂತೆ. ಅದು ತಮ್ಮ ಮನೆಯ ಮಚ್ಚಲ್ಲ ಎಂದು ಹೇಳಿಸಲು ಸಿರುಗುಪ್ಪದಿಂದ ಅವನ ತಾಯಿ ಹುಲಿಗೆಮ್ಮನನ್ನು ಕರೆಸಿದ್ದರು. ಆಕೆ ಕಟಕಟೆಯಲ್ಲಿ ನಿಂತು ಆ ಮಚ್ಚನ್ನು ಬಹಳ ಹೊತ್ತು ನೋಡಿದಳು. ಮಗ ಅವಳನ್ನೇ ದಿಟ್ಟಿಸುತ್ತಿದ್ದ.

"ನಮ್ಮನೀದ ಸಾಮಿ" ಅಂದಳು. "ಹಿಡಿಗೆ ಸೈಕಲ್ ಟ್ಯೂಬು ಸುತ್ತಿದಾಕಿ ನಾನ."

ಈರಣ್ಣ ಅಲ್ಲಿಂದಲೇ ತಾಯಿಗೆ ಬೈದು ನುಗ್ಗಲು ಹೋದ. ಪೊಲೀಸರು ಅದುಮಿ ಹಿಡಿದರು. ಜೀವಾವಧಿ ಆಯಿತು ಆಪಾ. ತೀರ್ಪು ಕೇಳಿದರೆ ಎದೆ ತಣ್ಣಗಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಅವನನ್ನು ಕಂಡಾಗ ಕೈಯಲ್ಲಿ ಸ್ಟೂಲು ಇರಬೇಕಿತ್ತು ಅಂತಲೇ ಅನಿಸಿತು.

ಕಳೆದ ಭಾನುವಾರ ಆ ಹುಲಿಗೆಮ್ಮ ನಿನ್ನ ಬಾಗಿಲಲ್ಲಿ ಬಂದು ನಿಂತಳು. ಅವನನ್ನು ಹೆತ್ತವಳು ಅನ್ನುವುದೊಂದೇ ಆಗ ನನಗೆ ಕಂಡದ್ದು. ಎದ್ದು ಹೋಗಿ ಎರಡೂ ಕೈಯಿಂದ ಅವಳ ಎದೆಗೆ ನೂಕಿದೆ. ಆ ಮುದುಕಿ ಅಂಗಾತ ಬಿದ್ದಳು, ಮೊಣಕೈ ತರಚಿತು. ಅಳಲಿಲ್ಲ, ಬೈಯಲೂ ಇಲ್ಲ. ಏಟು ತಿಂದು ರೂಢಿಯಿದ್ದವರಂತೆ ಮುಖ ಮುಚ್ಚಿಕೊಂಡು ಸುಮ್ಮನೆ ಬಿದ್ದಿದ್ದಳು. ಅದನ್ನು ನೋಡಿ ನನ್ನ ಕೈ ನಿಂತುಹೋಯಿತು.

ಗಿರಿಜಾ ಬಂದು ಎಬ್ಬಿಸಿದಳು. "ಏಳು ಅತ್ತಿ. ಯಾಕ ಬಂದಿ?"

"ಓಣಿಯಾಗ ಯಾರೂ ಮಾತಾಡ್ಸಂಗಿಲ್ಲ. ಮಗನ್ನ ಹಿಡ್ಕೊಟ್ಟಾಕಿ ಅಂತಾರ. ಒಂದೀಟು ಕುಂಡ್ರಾಕ ಜಾಗ ಕೊಡ್ರಿ."

"ಇಲ್ಲಿ ಕುಂತು ಏನ್ ಮಾಡ್ತಿ?" ಅಂತ ನಾನು ಕೂಗಿದೆ.

"ನೀವು ಏನ್ ಮಾಡ್ತೀರೋ ಅದು."

ರಹೀಮ್ ಭಾಯಿ ಒಳಗಿನಿಂದ ಒಂದು ಲೋಟ ನೀರು ತಂದು ಅವಳ ಮುಂದಿಟ್ಟು, ನನ್ನ ಮುಖ ನೋಡದೆ ಹೋದರು. ಅವಳು ನೀರು ಕುಡಿದು, ಚಪ್ಪಲಿ ಬಿಡುವ ಜಾಗದಲ್ಲೇ ಸಂಜೆಯವರೆಗೆ ಕೂತು, ಸಿರುಗುಪ್ಪದ ಬಸ್ಸಿಗೆ ಹೊರಟಳು. ಮತ್ತೆ ಬರಲಾ ಎಂದು ಕೇಳಿದಳು. ನಾನು ಉತ್ತರ ಕೊಡಲಿಲ್ಲ.

ನಿನಗೆ ಕೊಡುತ್ತಿದ್ದೇನೆ. ಬಂದರೆ ಒಳಗೆ ಕೂರಿಸುತ್ತೇನೆ. ಆ ಮುದುಕಿಯ ಕೈಗೆ ಮೊದಲ ಚೈನು ನಾನೇ ಕಲಿಸುತ್ತೇನೆ. ನಗುನಗುತ್ತ ಕಲಿಸು ಅಂತ ಮಾತ್ರ ಕೇಳಬೇಡ ಆಪಾ. ಅಷ್ಟೊಂದು ನನ್ನಿಂದ...

ನಿನ್ನ ಶಾಂತಾ